ವೃತ್ತಿ ರಂಗಭೂಮಿಯ ಪರದೆ ಮತ್ತು ನಾಟಕದ ಬಂಧ

ಕನ್ನಡ ವೃತ್ತಿನಾಟಕ ಕಂಪನಿಗಳ ರಂಗಸಜ್ಜಿಕೆಯನ್ನು ಕುರಿತ ವಿವೇಚನೆ ಬಹುಮಟ್ಟಿಗೆ ವೈಭವದ ವರ್ಣನೆಯಲ್ಲಿಯೇ ಮುಗಿಯುತ್ತದೆ. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿಯು 1934ರ ‘ಕುರುಕ್ಷೇತ್ರ’ಕ್ಕೆ ಜೀವಂತ ಆನೆ, ಕುದುರೆಗಳನ್ನು ರಂಗಕ್ಕೆ ತಂದುದೇ ಮತ್ತೆ ಮತ್ತೆ ಉಲ್ಲೇಖಗೊಳ್ಳುತ್ತದೆ. ಆದರೆ ಈ ಸಜ್ಜಿಕೆಯು ನಾಟಕದ ಬಂಧವನ್ನೇ ರೂಪಿಸಿತೆಂಬ ಅಂಶ ಹೆಚ್ಚು ಗಮನಾರ್ಹವಾದುದು.

ಪಾರ್ಸಿ ಹಾಗೂ ಮರಾಠಿ ಮಂಡಳಿಗಳ ಪ್ರಭಾವದಿಂದ ಬಂದ ಚಿತ್ರಿತ ಪರದೆಗಳು ಒಂದರ ಹಿಂದೊಂದು ತೂಗುತ್ತಿದ್ದವು. ಬಣ್ಣದ ಪುಡಿಯನ್ನು ಅಂಟಿನೊಡನೆ ಕಲಸಿ ಬಟ್ಟೆಯ ಮೇಲೆ ಬರೆದ ಬೀದಿ, ಕಾಡು, ಅರಮನೆಗಳು ಹಗ್ಗದ ಎಳೆತಕ್ಕೆ ಏರಿಳಿಯುತ್ತಿದ್ದವು. ಇಕ್ಕೆಲಗಳಲ್ಲಿ ಸೈಡ್ ವಿಂಗುಗಳು, ಮೇಲೆ ಝಾಲರಿ. ಸುತ್ತಿ ಕಟ್ಟಿ ಮುಂದಿನ ಊರಿಗೆ ಸಾಗಿಸುವುದಕ್ಕೂ ಇದು ಅನುಕೂಲ.

ದರ್ಬಾರಿಗೆ ಮಾತ್ರ ಪರದೆಯೊಂದೇ ಸಾಲದು. ಸಿಂಹಾಸನ, ಮೆಟ್ಟಿಲು, ಕಂಬಗಳನ್ನು ನಿಲ್ಲಿಸಲು ಹೊತ್ತು ಬೇಕು. ಆಗ ಮುಂಭಾಗದ ಬೀದಿ ಪರದೆ ಇಳಿಯುತ್ತಿತ್ತು. ಅದರ ಮುಂದೆ ಹಾಸ್ಯನಟರು ಪ್ರೇಕ್ಷಕರನ್ನು ಹಿಡಿದಿಡುತ್ತಿದ್ದರೆ, ಹಿಂದೆ ರಂಗದ ಕೆಲಸಗಾರರು ಸದ್ದಿಲ್ಲದೆ ಸಜ್ಜಿಕೆ ಮುಗಿಸಬೇಕಾಗಿತ್ತು. ಸಿದ್ಧತೆ ತಡವಾದರೆ ಹಾಸ್ಯವೂ ಬೆಳೆಯಬೇಕು! ರಂಗದ ಆಳವನ್ನು ಪೂರ್ತಿ ಬಳಸುವ ದೃಶ್ಯಗಳನ್ನೂ ಮುಂಭಾಗದಲ್ಲಷ್ಟೇ ನಡೆಯುವ ದೃಶ್ಯಗಳನ್ನೂ ನಾಟಕಕಾರರು ಸರದಿಯಂತೆ ಹೆಣೆದುದಕ್ಕೆ ಇದೊಂದು ಮುಖ್ಯ ಕಾರಣ. ಕಥೆಗೆ ಹೊರತಾದ ಹಾಸ್ಯಪ್ರಸಂಗಗಳನ್ನು ಬರಿಯ ದೋಷವೆಂದು ಎಣಿಸುವ ವಿಮರ್ಶೆಯು ಪರದೆಯ ಹಿಂಬದಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಮುದ್ರಿತ ಕಂಪನಿ ನಾಟಕಗಳ ದೃಶ್ಯಾರಂಭದಲ್ಲಿ ಬರುವ ‘ಬೀದಿ’, ‘ಉದ್ಯಾನ’, ‘ದರ್ಬಾರು’ ಎಂಬ ಸ್ಥಳಸೂಚನೆಗಳನ್ನು ಅನುಕ್ರಮವಾಗಿ ಓದಿದರೆ, ಯಾವ ಸಜ್ಜಿಕೆಗೆ ಎಷ್ಟು ಬಿಡುವು ದೊರೆಯುತ್ತಿತ್ತೆಂಬುದನ್ನು ಇಂದಿಗೂ ಊಹಿಸಬಹುದು.