ಕುಚ್ಚಲಕ್ಕಿಯ ಉಂಡೆ

ಅಕ್ಕಿಯನ್ನು ಸಿಹಿಗೊಳಿಸಿ ಉಂಡೆಗಟ್ಟುವ ಪದ್ಧತಿಯು ನಮ್ಮ ತುಳುನಾಡಿಗೆ ಮಾತ್ರ ಮೀಸಲಾದುದಲ್ಲ. ಜಪಾನು ದೇಶದಲ್ಲಿ 'ಒಹಾಗಿ' ಎಂಬ ಉಂಡೆಯುಂಟು. ಅಂಟುಗುಣವುಳ್ಳ ಒಂದು ಜಾತಿಯ ಅಕ್ಕಿಯನ್ನು ಬೇಯಿಸಿ, ಅರೆಬರೆ ಜಜ್ಜಿ, ಉಂಡೆಮಾಡಿ, ಕೆಂಪುಕಾಳಿನ ಸಿಹಿಹೂರಣವನ್ನು ಮೇಲೆ ಹೊದಿಸುವರು. ಹಗಲಿರುಳುಗಳು ಸಮವಾಗುವ ವಿಷುವಕಾಲಗಳಲ್ಲಿ, ವರ್ಷಕ್ಕೆರಡು ಬಾರಿ, ಅದನ್ನು ಗತಿಸಿದ ಹಿರಿಯರಿಗೆ ಅರ್ಪಿಸಿ ಮನೆಮಂದಿ ತಿನ್ನುವರು. ಆ ಪರ್ವಕ್ಕೆ 'ಹಿಗನ್' ಎಂದು ಹೆಸರು. ಎಂದರೆ ಆಚೆಯ ದಡ. ಪಿಂಡಶಬ್ದಕ್ಕೆ ಉಂಡೆಯೆಂದೇ ಅರ್ಥವಿರುವ ನಮ್ಮ ನಾಡಿನವರಿಗೆ ಇದು ಪರಕೀಯವೆನಿಸದು.

ಮಂಗಳೂರಿನ ಮನೆಗಳಲ್ಲಿರುವುದು ಕುಚ್ಚಲಕ್ಕಿ. ಅದನ್ನು ಹುರಿದು ಕಟ್ಟುವ ಉಂಡೆಯು ಇಲ್ಲಿನ ಹಳೆಯ ತಿಂಡಿ. ಕ್ರೈಸ್ತಬಂಧುಗಳು ಕ್ರಿಸ್‌ಮಸ್ಸಿನಲ್ಲಿ ಹಂಚುವ 'ಕುಸ್ವಾರ್' ತಿಂಡಿಗಳಲ್ಲಿಯೂ ಇದಕ್ಕೆ ಸ್ಥಾನವುಂಟು.

ನಮ್ಮ ಮನೆಯಲ್ಲಿ ಮೂವತ್ತು ವರ್ಷ ಈ ಉಂಡೆ ಕಟ್ಟಿದ ಕೈ ಎರಡು ವರ್ಷದ ಹಿಂದೆ ಇಲ್ಲವಾಯಿತು. ನಾವು ತಿನ್ನುವುದನ್ನು ಮಾತ್ರ ಕಲಿತಿದ್ದೆವು. ಮಾಡುವ ಕ್ರಮವನ್ನು ಒಂದು ದಿನವೂ ಕೇಳಿದವರಲ್ಲ. ಮೊಮ್ಮಗಳು "ಅಜ್ಜಿಯ ಉಂಡೆ ಬೇಕು" ಎಂದಾಗ, ಆಯುಷ್ಯವೆಲ್ಲ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿದ ನಾವು ನಿರುತ್ತರರಾದೆವು. ಮೊದಲ ಪ್ರಯತ್ನದಲ್ಲಿ ಉರಿ ಹೆಚ್ಚಾಗಿ ಅಕ್ಕಿ ಸೀದಿತು. ಉಂಡೆ ನಿಲ್ಲದೆ ನೀರು ಚಿಮುಕಿಸಿದೆವು. ಮರುದಿನಕ್ಕೆ ಎಲ್ಲವೂ ಹಳಸಿತು. ಸಂಗತಿಯನ್ನು ಕೇಳಿದ ನೆರೆಮನೆಯ ಬಾಯಿಯವರು, "ನೀರು ಯಾಕೆ ಹಾಕಿದ್ದು ಮಾಷ್ಟ್ರೇ? ಕಾಯಿಯ ಪಸೆಯೇ ಸಾಕಲ್ಲವೇ?" ಎಂದು ನಕ್ಕು, ಎದುರಿನಲ್ಲಿ ನಿಂತು ಮಾಡಿಸಿದರು. ಆ ಕ್ರಮವು ಹೀಗಿದೆ:

ಎರಡು ಕುಡ್ತೆ ಕುಚ್ಚಲಕ್ಕಿಯನ್ನು ತೊಳೆದು, ನೀರು ಬಸಿದು, ಬಟ್ಟೆಯ ಮೇಲೆ ಆರಹಾಕಿ, ದಪ್ಪತಳದ ಬಾಣಲೆಯಲ್ಲಿ ಹದವಾದ ಉರಿಯಿಂದ ಸ್ವಲ್ಪಸ್ವಲ್ಪವಾಗಿ ಹುರಿಯತಕ್ಕದ್ದು. ಕಾಳು ಚಟಪಟನೆ ಸಿಡಿದು ಉಬ್ಬಿ, ಹಲ್ಲಿಗೆ ಗರಿಗರಿಯಾದಾಗ ಇಳಿಸಿ, ಆರಿದ ಮೇಲೆ ಹುಡಿಮಾಡಬೇಕು. ಕುಚ್ಚಲಕ್ಕಿಯು ಭತ್ತವಾಗಿರುವಾಗಲೇ ಒಮ್ಮೆ ಬೆಂದುದಾದ್ದರಿಂದ ಹೀಗೆ ಉಬ್ಬುವುದು. ಬೆಳ್ತಿಗೆಯಿಂದ ಈ ಹದ ಬಾರದು. ಒಂದು ಕುಡ್ತೆ ಕಾಯಿತುರಿಯನ್ನೂ ಅಷ್ಟೇ ಬೆಲ್ಲವನ್ನೂ ನೀರು ಸೋಕಿಸದೆ ಜಜ್ಜಿ, ಹುರಿದ ಎಳ್ಳು, ಏಲಕ್ಕಿ ಸೇರಿಸಿ, ಅಕ್ಕಿಹುಡಿಯನ್ನು ಹಿಡಿಹಿಡಿಯಾಗಿ ಬೆರೆಸುತ್ತ ಬರಬೇಕು. ಮುಷ್ಟಿಯಲ್ಲಿ ಒತ್ತಿದರೆ ಒಡೆಯದೆ ನಿಲ್ಲುವ ಹದದಲ್ಲಿ ಹುಡಿ ಸೇರಿಸುವುದನ್ನು ನಿಲ್ಲಿಸಿ, ಕೂಡಲೆ ಉಂಡೆ ಕಟ್ಟತಕ್ಕದ್ದು. ತಡೆದರೆ ಹುಡಿಯು ಪಸೆಯನ್ನೆಲ್ಲ ಹೀರಿ ಉದುರಾಗುವುದು. ಹಸಿಕಾಯಿ ಇರುವುದರಿಂದ ಎರಡು ದಿನದೊಳಗೆ ತಿಂದು ಮುಗಿಸುವುದು ಲೇಸು.

ಮೊದಲ ಉಂಡೆಯನ್ನು ದೀಪದ ಮುಂದಿಟ್ಟು, ಎರಡನೆಯದನ್ನು ಮೊಮ್ಮಗಳಿಗೆ ಕೊಟ್ಟೆವು. "ಅಜ್ಜಿಯದ್ದರ ಹಾಗೆ ಇಲ್ಲ ಅಜ್ಜ, ಆದರೆ ಇನ್ನೊಂದು ಕೊಡಿ" ಎಂದಳು. ಆ ಕೊರತೆ ಯಾವುದೆಂದು ತಿಳಿಸುವವರು ಈಗ ಮನೆಯಲ್ಲಿಲ್ಲ.

ಗೃಹಸ್ಥರಾದ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ: ನಿಮ್ಮ ಮನೆಯ ತಿಂಡಿಗಳನ್ನು ಬಲ್ಲ ಕೈಗಳು ಇರುವಾಗಲೇ, ಅಡಿಗೆಮನೆಯಲ್ಲಿ ಒಂದು ಗಳಿಗೆ ನಿಂತು, ಕೇಳಿ ಬರೆದಿಟ್ಟುಕೊಳ್ಳಿರಿ.