ಚಂದ್ರಿಯ ಚಿಕಿತ್ಸೆ

ಜೋಳದ ಚೀಲಗಳ ಕೋಣೆಯಲ್ಲಿ ಇಲಿಗಳ ಉಪದ್ರವ ಮಿತಿಮೀರಿದಾಗ ನೆರೆಮನೆಯಿಂದ ತಂದ ಮರಿಯೇ ನಮ್ಮ ಚಂದ್ರಿ. ಅದಕ್ಕೀಗ ಹನ್ನೊಂದು ವರ್ಷ. ಕಳೆದ ವರ್ಷ ಯುಗಾದಿಯ ಸುಮಾರಿಗೆ, ಕೌದಿಯ ಮೇಲೆ ಮಲಗಿದ್ದ ಅದರ ಹೊಟ್ಟೆಯನ್ನು ಸವರುತ್ತಿದ್ದ ನಮ್ಮ ಕಿರಿಯ ಮಗಳು, "ಅಪ್ಪಾ, ಇಲ್ಲಿ ಕಡ್ಲಿಕಾಳಿನಂಥಾದು ಏನೋ ಅದ ನೋಡ್ರಿ" ಎಂದಳು. ನಾವು ಮುಟ್ಟಿ ನೋಡಿದೆವು. ಹಾಲು ಗಟ್ಟಿಯಾಗಿರಬೇಕೆಂದು ತೀರ್ಮಾನಿಸಿ, ಅರಿಶಿನ ಮತ್ತು ಹರಳೆಣ್ಣೆಯ ಲೇಪ ಮಾಡಿಸಿ ನಿಶ್ಚಿಂತರಾದೆವು. ಇಷ್ಟು ವರ್ಷ ಮಕ್ಕಳಿಗೆ ಆರೋಗ್ಯಪಾಠ ಹೇಳಿದವರ ಬುದ್ಧಿ ಇಷ್ಟು! ಮೃಗಶಿರ ಮಳೆ ಬೀಳುವ ಹೊತ್ತಿಗೆ ಕಡಲೆಕಾಳು ಅಡಿಕೆಯ ಗಾತ್ರಕ್ಕೆ ಬೆಳೆದು, ಮೇಲಿನ ಚರ್ಮ ಕೆಂಪಗೆ ಒಡೆಯುವ ಲಕ್ಷಣ ತೋರಿತು.

ಆಗ ಚಂದ್ರಿಯನ್ನು ಬುಟ್ಟಿಯಲ್ಲಿ ಕೂರಿಸಿ, ಮೇಲೆ ಹಳೆಯ ಧೋತರ ಕಟ್ಟಿ, ಉದಗೀರದ ಬಸ್ಸು ಹತ್ತಿದೆವು. ಉದಗೀರ ಎಂದೊಡನೆ 1760ರ ಯುದ್ಧವನ್ನೂ ಕೋಟೆಯನ್ನೂ ನೆನೆಯುವವರೇ ಹೆಚ್ಚು. 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದ ಈ ಊರಿನಲ್ಲಿ 1987ರಿಂದ ಪಶುವೈದ್ಯಕೀಯ ಮಹಾವಿದ್ಯಾಲಯವಿರುವುದು ನಮ್ಮ ಅನೇಕ ಮನೆಗಳಿಗೆ ದೊಡ್ಡ ಆಸರೆ. ಆದರೆ ಎತ್ತು ಎಮ್ಮೆಗಳಿಗಾಗಿ ಅಲ್ಲಿಗೆ ಹೋಗುವುದು ಬೇರೆ, ಬೆಕ್ಕಿನ ಬುಟ್ಟಿ ಹೊತ್ತು ಹೋಗುವುದು ಬೇರೆ. ಬಸ್ಸಿನಲ್ಲಿ ಪರಿಚಯಸ್ಥರೊಬ್ಬರು, "ಗುರುಜಿ, ಮನುಷ್ಯರಿಗೇ ಔಷಧಿಗೆ ರೊಕ್ಕ ಇಲ್ಲದ ಕಾಲ" ಎಂದು ನಕ್ಕರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ನಾವು ಕಿಟಕಿಯ ಕಡೆಗೆ ಮುಖ ತಿರುಗಿಸಿಕೊಂಡೆವು.

ವೈದ್ಯರು ಮರಾಠಿಯಲ್ಲಿ ವಿವರಿಸಿದ್ದನ್ನು ವಾಚಕರಿಗೆ ಇಲ್ಲಿ ಕನ್ನಡದಲ್ಲಿ ಹೇಳುತ್ತೇವೆ. ಬೆಕ್ಕಿಗೆ ಎರಡು ಸಾಲುಗಳಲ್ಲಿ ಎಂಟು ಮೊಲೆಗಳು. ಅಲ್ಲಿ ಏಳುವ ಗಡ್ಡೆಗಳಲ್ಲಿ ನೂರಕ್ಕೆ 80ರಿಂದ 90 ಅರ್ಬುದವೇ, ಅಂದರೆ ಕ್ಯಾನ್ಸರೇ. ಗಡ್ಡೆ 2 ಸೆಂಟಿಮೀಟರಿಗಿಂತ ಚಿಕ್ಕದಿರುವಾಗ ಶಸ್ತ್ರಕ್ರಿಯೆ ಮಾಡಿದರೆ ಬೆಕ್ಕು ಮೂರು ವರ್ಷಕ್ಕೂ ಹೆಚ್ಚು ಬದುಕುವ ಸಂಭವವಿದೆ. 3 ಸೆಂಟಿಮೀಟರು ದಾಟಿದರೆ ಅನೇಕವು ವರ್ಷ ತುಂಬಿಸುವುದಿಲ್ಲ. ನಮ್ಮ ಹರಳೆಣ್ಣೆಯ ಎರಡು ತಿಂಗಳ ಬೆಲೆ ಆಗ ನಮಗೆ ತಿಳಿಯಿತು. ಮರಿಗೆ ಆರು ತಿಂಗಳು ತುಂಬುವ ಮೊದಲೇ ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸಿದರೆ ಈ ರೋಗದ ಭಯ ನೂರಕ್ಕೆ 91ರಷ್ಟು ತಗ್ಗುವುದೆಂದು 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಕಂಡುಕೊಂಡಿದೆ; ಎರಡು ವರ್ಷ ಕಳೆದ ಮೇಲೆ ಮಾಡಿಸಿದರೆ ಆ ಲಾಭವಿಲ್ಲ. ಮರಿಗಳಿರುವ ಮನೆಯವರು ಇದನ್ನು ನೆನಪಿಡಬೇಕು.

ಎದೆಯ ಕ್ಷ-ಕಿರಣ ಚಿತ್ರದಲ್ಲಿ ಆಗ ಏನೂ ಕಾಣಲಿಲ್ಲ. ಎಡಗಡೆಯ ಸಾಲನ್ನು ಪೂರ್ತಿಯಾಗಿ ತೆಗೆದರು. ಪ್ರಯೋಗಾಲಯದ ವರದಿ ಅರ್ಬುದವೆಂದೇ ಹೇಳಿತು. ಮೂರು ವಾರಕ್ಕೊಮ್ಮೆಯಂತೆ ನಾಲ್ಕು ಇಂಜೆಕ್ಷನ್ ಕೊಡಬಹುದು, ಆದರೆ ಗುಣದ ಭರವಸೆ ಕೊಡಲಾಗದು ಎಂದರು ವೈದ್ಯರು.

ಒಪ್ಪಿಕೊಳ್ಳಲು ನಮಗೆ ಬೇರೊಂದು ಕಾರಣವಿತ್ತು. 1981ರ ಸುಮಾರಿಗೆ, ನಾವು ಬಾಲಕರಾಗಿದ್ದಾಗ, ನಮ್ಮ ತೀರ್ಥರೂಪರ ಬಳಿ ದೇವಣಿ ತಳಿಯ ಜೋಡೆತ್ತುಗಳಿದ್ದವು. ಬಿಳಿಯ ಮೈಯಲ್ಲಿ ಕಪ್ಪು ಮಚ್ಚೆಗಳ ಆ ಎತ್ತುಗಳ ಅಂದವನ್ನು ಈ ಭಾಗದವರಿಗೆ ಹೇಳಬೇಕಾಗಿಲ್ಲ. ಬಲಗಡೆಯ ಎತ್ತು ಮೊದಮೊದಲು ತಲೆಯನ್ನು ಒಂದೇ ಪಕ್ಕಕ್ಕೆ ಓಲಿಸತೊಡಗಿತು, ಕೋಡನ್ನು ಗೂಟಕ್ಕೆ ಉಜ್ಜತೊಡಗಿತು. ಆಮೇಲೆ ಮೂಗಿನ ಒಂದು ಹೊಳ್ಳೆಯಿಂದ ರಕ್ತ ಸೋರಿತು, ಕೋಡು ಸಡಿಲಾಗಿ ಬಾಗಿತು. ಯಾರದೋ ದೃಷ್ಟಿ ತಗುಲಿತೆಂದರು ಜನ. ಅದು ಕೋಡಿನೊಳಗಿನ ಪೊರೆಯಲ್ಲಿ ಹುಟ್ಟುವ ಕ್ಯಾನ್ಸರ್ ಎಂದೂ, ನಮ್ಮ ದೇಶದ ಎತ್ತುಗಳಲ್ಲಿ ಅದು ವಿಶೇಷವಾಗಿ ಕಾಣುವುದೆಂದೂ ನಾವು ತಿಳಿದದ್ದು ಬಹಳ ತಡವಾಗಿ. ಬೇಗನೆ ಗುರುತಿಸಿದರೆ ಕೋಡನ್ನು ಬುಡಸಹಿತ ಕತ್ತರಿಸಿ, ವಿನ್‌ಕ್ರಿಸ್ಟಿನ್ ಎಂಬ ಔಷಧಿ ಕೊಡುತ್ತಾರೆ. ಆ ಔಷಧಿ ದೊರೆಯುವುದು ನಮ್ಮ ಶಾಲೆಯ ಅಂಗಳದಲ್ಲಿ ನೀರಿಲ್ಲದೆಯೂ ಅರಳುವ ಕಾಶಿ ಕಣಗಿಲೆಯಿಂದ, ಮರಾಠಿಯ ಸದಾಫುಲಿಯಿಂದ! ನಮ್ಮ ತೀರ್ಥರೂಪರು ಎತ್ತನ್ನು ಸಂತೆಯಲ್ಲಿ ಮಾರಿದರು. ಕೊಂಡವನು ಉಳುಮೆಗೆ ಕೊಳ್ಳುತ್ತಿಲ್ಲವೆಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಆ ರಾತ್ರಿ ಅವರು ಉಣ್ಣಲಿಲ್ಲ.

ಚಂದ್ರಿಗೆ ಕೊಟ್ಟ ಔಷಧಿ ಬೇರೆ: ಡಾಕ್ಸೊರುಬಿಸಿನ್. ಇದರ ಮೂಲ ಮಣ್ಣಿನ ಸೂಕ್ಷ್ಮಜೀವಿ, ಬಣ್ಣ ದಾಳಿಂಬೆಯ ರಸದಂತೆ ಕೆಂಪು. ರಕ್ತನಾಳದಿಂದ ತುಸು ಹೊರಗೆ ಚೆಲ್ಲಿದರೂ ಮಾಂಸವನ್ನು ಸುಡುವಂಥದು. ಮನೆಗೆ ಬಂದ ಮೇಲೆ ಕೆಲವು ದಿನ ಅದರ ಮಲಮೂತ್ರವನ್ನು ಕೈಗೆ ರಬ್ಬರಿನ ಚೀಲ ತೊಟ್ಟೇ ತೆಗೆಯಬೇಕು. ಗರ್ಭಿಣಿಯರೂ ಮಕ್ಕಳೂ ಅದನ್ನು ಮುಟ್ಟಬಾರದು. ಮನುಷ್ಯರಂತೆ ಬೆಕ್ಕಿನ ಕೂದಲು ಉದುರುವುದು ಕಡಿಮೆ, ಮೀಸೆ ಮಾತ್ರ ಉದುರುತ್ತದೆ. ಮೀಸೆಯಿಲ್ಲದ ಚಂದ್ರಿಯನ್ನು ನೋಡಿ ಮಗಳು ನಕ್ಕಳು, ಮರುಕ್ಷಣವೇ ಅತ್ತಳು.

ನಿಜವಾದ ಕಷ್ಟ ಊಟದ್ದು. ಬೆಕ್ಕು ಎರಡು ಮೂರು ದಿನ ಉಪವಾಸವಿದ್ದರೆ ಅದರ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಸಂಚಕಾರ. ನಮ್ಮದು ಮಾಂಸ ಬೇಯಿಸದ ಮನೆ. ಆದರೂ ನಮ್ಮ ಶ್ರೀಮತಿಯವರು ಹಿತ್ತಲಲ್ಲಿ ಬೇರೆ ಒಲೆ ಹೂಡಿ, ಕೋಳಿಯ ಮಾಂಸವನ್ನು ಉಪ್ಪಿಲ್ಲದೆ ಬೇಯಿಸಿ, ಉಗುರುಬೆಚ್ಚಗೆ ಮಾಡಿ ಬೆರಳಿನಿಂದ ತಿನ್ನಿಸಿದರು. ಬಿಸಿಯಾದಾಗ ವಾಸನೆ ಏಳುತ್ತದೆ, ವಾಸನೆಯಿಂದಲೇ ಬೆಕ್ಕಿಗೆ ಹಸಿವು. ನಮ್ಮ ಮಾತೋಶ್ರೀಯವರು ಮೂರು ದಿನ ಹಿತ್ತಲಿಗೆ ಹೋಗಲಿಲ್ಲ, ನಾಲ್ಕನೆಯ ದಿನ ಬಾಗಿಲಲ್ಲಿ ನಿಂತು, "ತಿಂತೇನವ್ವಾ ಅದು?" ಎಂದು ಕೇಳಿದರು.

ಒಮ್ಮೆ ಅದರ ಮೈ ಬಿಸಿಯಾಗಿತ್ತು. ಔಷಧಿ ಅಂಗಡಿಯವರೊಬ್ಬರು ಜ್ವರದ ಗುಳಿಗೆಯ ಕಾಲು ಭಾಗ ಕೊಡಿ ಎಂದರು. ಕೊಡುವ ಮೊದಲು ವೈದ್ಯರಿಗೆ ಫೋನು ಮಾಡಿದ್ದೇ ಪುಣ್ಯ. ಪ್ಯಾರಸಿಟಮಾಲನ್ನು ಜೀರ್ಣಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ. ಅಷ್ಟೇ ಸಾಕು, ಅದು ಸಾಯಲು. ಗುಳಿಗೆ ಈಗಲೂ ನಮ್ಮ ಮೇಜಿನ ಖಾನೆಯಲ್ಲಿದೆ.

ಮೂರನೆಯ ಇಂಜೆಕ್ಷನ್ನಿನ ನಂತರ ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡಗಳು ಸೋಲುತ್ತಿರುವುದು ಕಂಡಿತು. ಈ ಔಷಧಿಯಿಂದ ಬೆಕ್ಕುಗಳಿಗೆ ಹಾಗಾಗುವುದುಂಟಂತೆ. ನಾಲ್ಕನೆಯದು ಬೇಕೋ ಬೇಡವೋ ಎಂಬ ನಿರ್ಧಾರವನ್ನು ವೈದ್ಯರು ನಮಗೆ ಬಿಟ್ಟರು. ನಾವು ಕೊಡಿಸಬೇಕೆಂದೆವು, ಹಿಡಿದ ಕೆಲಸ ಅರ್ಧಕ್ಕೆ ಬಿಡಬಾರದೆಂಬುದು ಮಾಸ್ತರರ ಹಟ. ನಮ್ಮ ಶ್ರೀಮತಿಯವರು, "ನಿಮ್ಮ ಎತ್ತಿನ ಋಣ ಇದರ ಮೈಮ್ಯಾಲೆ ತೀರಿಸಬ್ಯಾಡ್ರಿ" ಎಂದರು. ಉತ್ತರ ನಮ್ಮಲ್ಲಿರಲಿಲ್ಲ. ನಾಲ್ಕನೆಯದನ್ನು ಕೊಡಿಸಲಿಲ್ಲ.

ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋದಾಗ ಬುಟ್ಟಿಯನ್ನೂ ಒಯ್ದಿದ್ದೆವು. ನಾವು ಭಜ್ಜಿ, ಅಂಬಿಲ ಉಣ್ಣುವಾಗ ಚಂದ್ರಿ ಕಣಿಕೆಯ ಕೊಂಪೆಯ ನೆರಳಲ್ಲಿ ಕುಳಿತು ಹೊಸದಾಗಿ ಮೂಡಿದ ಮೀಸೆಯನ್ನು ನೆಕ್ಕಿಕೊಳ್ಳುತ್ತಿತ್ತು. ತೂಕ ಮೂರು ಕಿಲೋಗೆ ನೂರು ಗ್ರಾಂ ಕಡಿಮೆ. ಕಳೆದ ವಾರದ ಕ್ಷ-ಕಿರಣ ಚಿತ್ರದಲ್ಲಿ ಶ್ವಾಸಕೋಶದ ಅಂಚಿಗೆ ಸಣ್ಣದೊಂದು ಚುಕ್ಕೆ ಕಂಡಿದೆ. ಅದು ಏನೂ ಅಲ್ಲದಿರಬಹುದು, ಒಂದು ತಿಂಗಳು ಬಿಟ್ಟು ನೋಡೋಣ ಎಂದಿದ್ದಾರೆ ವೈದ್ಯರು. ಬುಟ್ಟಿಯನ್ನು ಅಟ್ಟಕ್ಕೆ ಹಾಕಿಲ್ಲ.