ಕೊಳಕು ತೊಟ್ಟಿಯ ಮೀನನ್ನು ಉಳಿಸುವ ಬಗೆ

ತಿಂಗಳುಗಟ್ಟಲೆ ನೀರು ಬದಲಿಸದ ಗಾಜಿನ ತೊಟ್ಟಿಯಲ್ಲಿ ಬಣ್ಣಗೆಟ್ಟ ಗೋಲ್ಡ್‌ಫಿಶ್ ಕಂಡರೆ, ಕರುಣೆಯುಳ್ಳವರು ಮುಕ್ಕಾಲು ನೀರು ಚೆಲ್ಲಿ ನಲ್ಲಿ ನೀರು ತುಂಬಿಬಿಡುತ್ತಾರೆ. ಎಷ್ಟೋ ಸಲ ಮೀನು ಸಾಯುವುದು ಆಮೇಲೆಯೇ. ‘ಹಳೆ ನೀರೇ ಅದಕ್ಕೆ ಒಗ್ಗಿತ್ತು’ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಮೀನು ಕಿವಿರುಗಳಿಂದ ಅಮೋನಿಯಾ ಹೊರಹಾಕುತ್ತದೆ. ಫಿಲ್ಟರ್ ಮತ್ತು ಕಲ್ಲುಗಳಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್, ಬಳಿಕ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿಸುತ್ತವೆ. ಆರೈಕೆಯಿಲ್ಲದ ನೀರು ಕ್ರಮೇಣ ಆಮ್ಲೀಯವಾದಾಗ ಈ ಬ್ಯಾಕ್ಟೀರಿಯಾಗಳು ಸೊರಗಿ ಅಮೋನಿಯಾ ಶೇಖರವಾಗುತ್ತದೆ. ಆದರೆ ಆಮ್ಲೀಯ ನೀರಿನಲ್ಲಿ ಅದು ಬಹುಪಾಲು ಅಮೋನಿಯಂ ರೂಪದಲ್ಲಿರುವುದರಿಂದ ವಿಷ ಕಡಿಮೆ. ಕ್ಷಾರೀಯ ನಲ್ಲಿ ನೀರು ಒಮ್ಮೆಲೇ ಬಿದ್ದರೆ ತೊಟ್ಟಿಯಲ್ಲಿ ಉಳಿದ ಅಮೋನಿಯಂ ಮತ್ತೆ ವಿಷಕಾರಿ ಅಮೋನಿಯಾ ಆಗುತ್ತದೆ. ಜೊತೆಗೆ ನಲ್ಲಿ ನೀರಿನ ಕ್ಲೋರಿನ್ ಕಿವಿರನ್ನು ಸುಡುತ್ತದೆ. ಅಂದರೆ ಮೀನು ಕೊಳಕಿಗೆ ಒಗ್ಗಿದ್ದಲ್ಲ, ಹೇಗೋ ಸಹಿಸಿಕೊಂಡಿತ್ತು. ಕೊಂದದ್ದು ನಮ್ಮ ಅವಸರ.

ಹಾಗಾಗಿ ದಿನಕ್ಕೆ ಶೇ. 10ರಷ್ಟು ನೀರನ್ನು ಮಾತ್ರ ಬದಲಿಸಬೇಕು, ಅದೂ ಕ್ಲೋರಿನ್ ತೆಗೆದದ್ದನ್ನು. ಫಿಲ್ಟರಿನ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು, ಆಹಾರ ತೀರಾ ಕಡಿಮೆ ಹಾಕಬೇಕು. ಕೆಲವೇ ರೂಪಾಯಿಯ ಮೀನಿಗೆ ಇಷ್ಟೆಲ್ಲ ಏಕೆ ಎಂದು ಕೇಳಬಹುದು. ಚೆನ್ನಾಗಿ ಸಾಕಿದರೆ ಗೋಲ್ಡ್‌ಫಿಶ್ 10 ವರ್ಷಕ್ಕೂ ಹೆಚ್ಚು ಬದುಕುತ್ತದೆ. ಅಂಗಡಿಯ ಬೆಲೆಯಿಂದ ಆ ಆಯುಷ್ಯವನ್ನು ಅಳೆಯುವುದು ಅನ್ಯಾಯ. ಕೆರೆಗೆ ಬಿಟ್ಟರೆ ಪುಣ್ಯ ಎಂಬ ನಂಬಿಕೆಯಂತೂ ಇನ್ನೂ ಕೆಟ್ಟದ್ದು. ದಕ್ಷಿಣ ಅಮೆರಿಕ ಮೂಲದ ಸಕ್ಕರ್ ಮೀನು ನಮ್ಮ ಕೆರೆಗಳಲ್ಲಿ ಹಬ್ಬಿ, ಮೀನುಗಾರರ ಬಲೆ ಹರಿಯುತ್ತಿರುವುದಕ್ಕೆ ಅಕ್ವೇರಿಯಂ ವ್ಯಾಪಾರವೇ ಕಾರಣ. ಸಾಕಲಾಗದವರು ಅಂಗಡಿಗೋ ಅನುಭವಿ ಸಾಕಣೆದಾರರಿಗೋ ಒಪ್ಪಿಸಲಿ.